ಮೊದಲು ಕಾಗದ ಕೊಡಿ, ಆಮೇಲೆ ಚರ್ಚೆಗೆ ಕರೆಯಿರಿ

ಮಾನ್ಯ ಸಂಪಾದಕರೇ,

ಜಾಗತಿಕ ಆರ್ಥಿಕ ಬಿಕ್ಕಟ್ಟಿನ ಬಗ್ಗೆ ಅಂತರ್ಜಾಲದಲ್ಲಿ ಜನಸಾಮಾನ್ಯರೂ ಚರ್ಚಿಸಬೇಕು ಎಂಬ ಕರೆಯನ್ನು ಈಚೆಗೆ ಮೇಲಿಂದ ಮೇಲೆ ಓದುತ್ತಿದ್ದೇನೆ. ಕರೆ ಸರಿಯಾದದ್ದೇ. ಕಳೆದ ತಿಂಗಳು ಅಂಥದೊಂದು ಚರ್ಚೆಗೆ ನಾನೂ ಇಳಿದೆ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ, ಅದರಲ್ಲೂ ಹೆಚ್ಚು ಕಾಲ ಸಾಲದ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಕೇಳಿದ್ದು ಒಂದೇ ಪ್ರಶ್ನೆ: ಮುಳುಗುವ ಬ್ಯಾಂಕುಗಳಿಗೆ ಸರ್ಕಾರಗಳು ಹಣ ಕೊಡುವಾಗ ಯಾವ ಷರತ್ತು ಹಾಕುತ್ತವೆ, ಅದನ್ನು ಬರೆದ ಕಾಗದವನ್ನು ನಮ್ಮಲ್ಲಿ ಯಾರಾದರೂ ಓದಿದ್ದೇವೆಯೇ? ಹತ್ತು ನಿಮಿಷದಲ್ಲಿ ಮೂವತ್ತಕ್ಕೂ ಹೆಚ್ಚು ಉತ್ತರ ಬಂದವು. ಅರ್ಧದಷ್ಟು ಬೈಗುಳ. ಉಳಿದವರಲ್ಲಿ ಹಲವರು, ಇದು ಪರಿಣತರ ವಿಷಯ, ನಿಮಗೇಕೆ ಎಂದರು. ಕಾಗದದ ಮಾತೆತ್ತಿದವರು ಒಬ್ಬರೂ ಇರಲಿಲ್ಲ.

ಪರಿಣತರ ವಿಷಯ ಎಂಬ ಮಾತು ನನ್ನನ್ನು ನೋಯಿಸಿತು. 2008ರ ನವೆಂಬರ್‌ನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋಗಿದ್ದ ರಾಣಿ ಎಲಿಜಬೆತ್, ಜಗತ್ತಿನ ಹಣಕಾಸು ವ್ಯವಸ್ಥೆಯ ಇಷ್ಟು ದೊಡ್ಡ ಕುಸಿತ ಯಾರ ಕಣ್ಣಿಗೂ ಏಕೆ ಬೀಳಲಿಲ್ಲ ಎಂದು ಅಲ್ಲಿನ ವಿದ್ವಾಂಸರನ್ನು ಕೇಳಿದರು. ಯಾವ ಗೃಹಿಣಿಯಾದರೂ ಕೇಳಬಹುದಾಗಿದ್ದ ಪ್ರಶ್ನೆ ಅದು. ಬ್ರಿಟಿಷ್ ಅಕಾಡೆಮಿಯ ವಿದ್ವಾಂಸರು ಉತ್ತರ ಬರೆದದ್ದು 2009ರ ಜುಲೈನಲ್ಲಿ. ಬುದ್ಧಿವಂತರು ಬಹಳ ಮಂದಿ ಇದ್ದರು, ಆದರೆ ಇಡೀ ವ್ಯವಸ್ಥೆಗೆ ಒದಗಿದ್ದ ಅಪಾಯವನ್ನು ಊಹಿಸಿಕೊಳ್ಳುವುದರಲ್ಲಿ ಎಲ್ಲರೂ ಒಟ್ಟಾಗಿ ಸೋತರು ಎಂಬುದು ಅದರ ತಾತ್ಪರ್ಯ. ಪರಿಣತರೇ ಒಪ್ಪಿಕೊಂಡ ಮೇಲೂ ನಾವು ಬಾಯಿ ಮುಚ್ಚಿಕೊಂಡಿರಬೇಕೇ?

2008ರ ಆ ಚಳಿಗಾಲದಲ್ಲೇ ನನ್ನ ತಂಗಿಯ ಮಗಳು ವಿದೇಶದಲ್ಲಿ ಕೆಲಸ ಕಳೆದುಕೊಂಡಳು. ಹಣಕಾಸಿಗೆ ಸಂಬಂಧವೇ ಇಲ್ಲದ ಕಂಪನಿ. ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ಗುರುತಿನ ಚೀಟಿ ಹಿಡಿದಳಂತೆ. ಹಸಿರು ದೀಪದ ಬದಲು ಕೆಂಪು ದೀಪ ಹತ್ತಿತು. ಮೂರು ಸಲ ಹಿಡಿದರೂ ಕೆಂಪೇ. ಮನೆಗೆ ಬಂದವಳು ‘ದೊಡ್ಡಮ್ಮ, ಎಲ್ಲೋ ಯಾವುದೋ ಬ್ಯಾಂಕು ಮುಳುಗಿದರೆ ನನ್ನ ಬಾಗಿಲು ಏಕೆ ಮುಚ್ಚಬೇಕು?’ ಎಂದು ಕೇಳಿದಳು. ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಮೂವತ್ತೊಂದು ಗೆರೆ ಎಳೆದೆ. ‘ಇದು ಬ್ಯಾಂಕಿನ ಆಸ್ತಿ. ಇದರಲ್ಲಿ ಒಂದು ಗೆರೆ ಮಾತ್ರ ಬ್ಯಾಂಕಿನ ಸ್ವಂತ ಹಣ, ಮೂವತ್ತು ಸಾಲ’ ಎಂದೆ. 2007ರ ಕೊನೆಗೆ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್‌ನ ಲೆಕ್ಕ ಹೆಚ್ಚುಕಡಿಮೆ ಹೀಗೇ ಇತ್ತು. ಆಮೇಲೆ ರಬ್ಬರ್ ತೆಗೆದುಕೊಂಡು ಒಂದು ಗೆರೆ ಅಳಿಸಿದೆ. ಆಸ್ತಿಯ ಬೆಲೆ ನೂರಕ್ಕೆ ಮೂರು ಚಿಲ್ಲರೆಯಷ್ಟು ಇಳಿದರೆ ಸಾಕು, ಸ್ವಂತದ್ದು ಪೂರ್ತಿ ಹೋಯಿತು, ಉಳಿದದ್ದೆಲ್ಲ ಬೇರೆಯವರ ಹಣ. ಸಾಲ ಕೊಟ್ಟವರು ಹೆದರಿ ಎಲ್ಲ ಬ್ಯಾಂಕುಗಳಿಂದಲೂ ಕೈ ಹಿಂದೆಗೆದರೆ, ಬ್ಯಾಂಕುಗಳು ಕಂಪನಿಗಳಿಗೆ ಸಾಲ ನಿಲ್ಲಿಸುತ್ತವೆ. ಕಂಪನಿ ನಿನ್ನ ಬಾಗಿಲು ಮುಚ್ಚುತ್ತದೆ. ಐದು ನಿಮಿಷದಲ್ಲಿ ಅವಳಿಗೆ ಅರ್ಥವಾಯಿತು. ಮರುಕ್ಷಣವೇ, ‘ಹಾಗಾದರೆ ಇಷ್ಟು ಸಾಲಕ್ಕೆ ಒಪ್ಪಿಗೆ ಕೊಟ್ಟವರು ಯಾರು?’ ಎಂದಳು. ಚರ್ಚೆ ಶುರುವಾಗಬೇಕಾದದ್ದು ಅಲ್ಲಿಂದ.

ಜನ ಓದುವುದಿಲ್ಲ ಎಂಬ ದೂರನ್ನು ನಾನು ನಂಬುವುದಿಲ್ಲ. 2008ರ ಸೆಪ್ಟೆಂಬರ್ 15ರಂದು ಲೇಮನ್ ದಿವಾಳಿ ಅರ್ಜಿ ಹಾಕಿತು. ಅದೇ ವಾರದ ಕೊನೆಗೆ ಅಮೆರಿಕದ ಖಜಾನೆ ಕಾರ್ಯದರ್ಶಿ ಹೆನ್ರಿ ಪಾಲ್ಸನ್ ಬ್ಯಾಂಕುಗಳನ್ನು ಪಾರುಮಾಡಲು 70,000 ಕೋಟಿ ಡಾಲರ್ ಕೇಳಿ ಒಂದು ಕರಡು ಮುಂದಿಟ್ಟರು. ಇದ್ದದ್ದು ಬರೀ ಮೂರು ಪುಟ. ಅದರ ಎಂಟನೆಯ ಕಲಮಿನಲ್ಲಿ, ಕಾರ್ಯದರ್ಶಿಯ ತೀರ್ಮಾನಗಳನ್ನು ಯಾವ ನ್ಯಾಯಾಲಯವೂ ಮರುಪರಿಶೀಲಿಸುವಂತಿಲ್ಲ ಎಂದಿತ್ತು. ಮೂರು ಪುಟವಾದ್ದರಿಂದ ಅದು ಅಂತರ್ಜಾಲದಲ್ಲಿ ಕೈಯಿಂದ ಕೈಗೆ ಹೋಯಿತು, ಜನ ಓದಿದರು, ಎಂಟನೆಯ ಕಲಮಿನ ಮೇಲೆ ಬೆರಳಿಟ್ಟರು. ಪ್ರತಿನಿಧಿ ಸಭೆಗೆ ಇ-ಮೇಲ್‌ಗಳು ಎಷ್ಟು ಹರಿದು ಬಂದವೆಂದರೆ ಅದರ ಜಾಲತಾಣವೇ ತತ್ತರಿಸಿತು. ಸೆಪ್ಟೆಂಬರ್ 29ರಂದು ತಿದ್ದಿ ಬರೆದ ಮಸೂದೆಯೂ ಆ ಸಭೆಯಲ್ಲಿ 205–228 ಮತಗಳಿಂದ ಸೋತಿತು. ಅಕ್ಟೋಬರ್ 3ರಂದು ಅಂಗೀಕಾರವಾದ ಕಾನೂನಿನಲ್ಲಿ ನ್ಯಾಯಾಲಯಕ್ಕೆ ಹೋಗುವ ದಾರಿ ಇತ್ತು, ಹಣದ ಮೇಲೆ ಕಣ್ಣಿಡಲು ಸಮಿತಿಯೂ ಇತ್ತು. ಇದು ಬರೀ ಜನರ ಕೂಗಿನಿಂದಾಯಿತು ಎಂದು ನಾನು ಹೇಳುವುದಿಲ್ಲ, ಸಂಸದರಿಗೂ ಸಿಟ್ಟು ಬಂದಿತ್ತು. ಆದರೆ ಅಲ್ಲಿ ಓದುವುದಕ್ಕೆ ಒಂದು ಕಾಗದವಿತ್ತು.

ಗ್ರೀಸ್‌ನಲ್ಲಿ ಆದದ್ದು ಬೇರೆ. 2015ರ ಜೂನ್ ಕೊನೆಯಲ್ಲಿ ಸಾಲದಾತರ ಷರತ್ತುಗಳನ್ನು ಒಪ್ಪಬೇಕೇ ಎಂದು ಕೇಳಿ ಸರ್ಕಾರ ಜನಮತಗಣನೆ ಘೋಷಿಸಿತು, ಜುಲೈ 5ಕ್ಕೆ ಮತದಾನ. ಬ್ಯಾಂಕುಗಳು ಮುಚ್ಚಿದ್ದವು, ಎಟಿಎಂನಿಂದ ದಿನಕ್ಕೆ 60 ಯೂರೊ ಮಾತ್ರ. ಮತಪತ್ರದಲ್ಲಿ ಸಾಲದಾತರ ಎರಡು ದಾಖಲೆಗಳ ಹೆಸರಿತ್ತು. ಒಳಗೇನಿದೆ ಎಂಬುದಿರಲಿಲ್ಲ. ಸರತಿಯಲ್ಲಿ ನಿಂತು ಹಣ ತೆಗೆಯುವವರು ಒಂದು ವಾರದಲ್ಲಿ ಅವನ್ನು ಓದಿ, ಚರ್ಚಿಸಿ, ತೀರ್ಮಾನಿಸಬೇಕಿತ್ತು. ನೂರಕ್ಕೆ 61ರಷ್ಟು ಮಂದಿ ಬೇಡವೆಂದರು. ಜುಲೈ 13ಕ್ಕೆ ಸರ್ಕಾರ ಹೊಸ ಸಾಲದ ಷರತ್ತುಗಳಿಗೆ ಒಪ್ಪಿಯೇಬಿಟ್ಟಿತು. ಅಲ್ಲಿ ಮತ ಹಾಕಿದ ಒಬ್ಬ ಪಿಂಚಣಿದಾರಳ ಜಾಗದಲ್ಲಿ ನನ್ನನ್ನು ಇಟ್ಟುಕೊಂಡು ನೋಡಿದರೆ ಇಂದಿಗೂ ಸಂಕಟವಾಗುತ್ತದೆ.

ಐಸ್‌ಲ್ಯಾಂಡ್‌ನ ಮೂರು ದೊಡ್ಡ ಬ್ಯಾಂಕುಗಳು 2008ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳಲ್ಲಿ ಬಿದ್ದುಹೋದವು. ಸಂಸತ್ತು ನೇಮಿಸಿದ ತನಿಖಾ ಆಯೋಗದ ವರದಿ 2010ರ ಏಪ್ರಿಲ್‌ನಲ್ಲಿ ಬಂತು, ಎರಡು ಸಾವಿರ ಪುಟಕ್ಕೂ ಮೀರಿದ್ದು. ಆಗ ರಾಜಧಾನಿಯ ನಗರ ರಂಗಮಂದಿರದ ನಟನಟಿಯರು ವೇದಿಕೆಯ ಮೇಲೆ ಕುಳಿತು, ಹಗಲು ರಾತ್ರಿ ಸರದಿಯಂತೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದನ್ನು ಗಟ್ಟಿಯಾಗಿ ಓದಿದರು. ಸಾಲದ ಅಂಕಿ ಅಂಶಗಳನ್ನು ನಡುರಾತ್ರಿಯಲ್ಲಿ ಒಬ್ಬ ನಟ ಓದುತ್ತಿರುವುದನ್ನು ಕಲ್ಪಿಸಿಕೊಳ್ಳಿ. ಸಾಲದ ಕಡತಗಳ ನಡುವೆ ವಯಸ್ಸು ಕಳೆದ ನನಗೆ ಇದಕ್ಕಿಂತ ದೊಡ್ಡ ಗೌರವ ಕಾಣುವುದಿಲ್ಲ, ಕಡತಕ್ಕೂ, ಜನರಿಗೂ.

ಆದ್ದರಿಂದ ಸಂಪಾದಕರೇ, ಜನರನ್ನು ಚರ್ಚೆಗೆ ಕರೆಯುವ ಪ್ರತಿಯೊಬ್ಬರಲ್ಲೂ, ಮೊದಲಿಗೆ ತಮ್ಮಲ್ಲೇ, ನನ್ನದೊಂದು ಬೇಡಿಕೆ. ‘ಬಿಕ್ಕಟ್ಟಿನ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದು ಮಾತ್ರ ಕೇಳಿ ಬಿಡಬೇಡಿ. ಅದಕ್ಕೆ ಬರುವುದು ಕೂಗಾಟವೇ. ಪಾರುಗಾಣಿಕೆಯ ಮಸೂದೆ, ಸಾಲದ ಒಪ್ಪಂದ, ತನಿಖಾ ವರದಿ, ಯಾವುದಿದೆಯೋ ಅದರ ಮುಖ್ಯ ಪುಟಗಳನ್ನು ತಿಳಿಗನ್ನಡದಲ್ಲಿ ಮುಂದಿಡಿ. ತೀರ್ಮಾನಕ್ಕೆ ಮೊದಲೇ ಇಡಿ. ಜಾಮೀನು, ಅಡಮಾನ, ಮರುಪಾವತಿ, ಸುಸ್ತಿ ಎಂಬ ಮಾತುಗಳೆಲ್ಲ ಸಾಲ ಮಾಡಿದ ಪ್ರತಿಯೊಬ್ಬರಿಗೂ ಗೊತ್ತು. ಅವೇ ಮಾತುಗಳಲ್ಲಿ ಜಗತ್ತಿನ ಸಾಲವನ್ನೂ ವಿವರಿಸಬಹುದು. ಓದುಗರು ಕೇಳಿದ ಪ್ರಶ್ನೆಗಳಲ್ಲಿ ಹತ್ತನ್ನಾದರೂ ತೀರ್ಮಾನಿಸುವ ಅಧಿಕಾರವಿರುವವರಿಗೆ ಕಳುಹಿಸಿ, ಅವರ ಉತ್ತರವನ್ನು ಪ್ರಶ್ನೆಯ ಪಕ್ಕದಲ್ಲೇ ಅಚ್ಚುಹಾಕಿ. ಉತ್ತರ ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಓದುಗರು ನೋಡಲಿ.

ಅಂಥ ದಾಖಲೆಗಳನ್ನು ಬಿಡಿಸಿ ಬರೆಯಲು ಜನ ಬೇಕಿದ್ದರೆ ನನಗೆ ಹೇಳಿಕಳುಹಿಸಿ. ಸಂಭಾವನೆ ಬೇಡ. ಮೂರು ಪುಟವಾದರೆ ಒಂದು ದಿನ ಕೊಡಿ, ಎರಡು ಸಾವಿರ ಪುಟವಾದರೆ ಇನ್ನೂ ನಾಲ್ಕು ಮಂದಿ ನಿವೃತ್ತ ಸಹೋದ್ಯೋಗಿಗಳನ್ನು ಜೊತೆಗೆ ಕರೆತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ತಮ್ಮ ಪತ್ರಿಕೆಯ ಓದುಗಿ