ಹೆಸರು ಕೇಳದೆ ಉಳಿದ ಆ ಶುಶ್ರೂಷಕಿಯವರಿಗೆ

ಆರೋಗ್ಯ ಕ್ಷೇತ್ರದ ತಂತ್ರಾಂಶಗಳಿಗೆ ಬಳಕೆದಾರರ ಅನುಭವ ವಿನ್ಯಾಸ ಮಾಡುವುದನ್ನು ಕಲಿಯುತ್ತಿದ್ದ ದಿನಗಳಲ್ಲಿ, ರಾತ್ರಿ ಪಾಳಿಯ ನಡುವೆಯೂ ಬಿಡುವು ಮಾಡಿಕೊಂಡು ನನ್ನ ಮಾದರಿ ಪರದೆಯನ್ನು ಪರೀಕ್ಷಿಸಿಕೊಟ್ಟ ಶುಶ್ರೂಷಕಿಯವರಿಗೆ ನಾನು ಋಣಿಯಾಗಿದ್ದೇನೆ. ಅವರ ಹೆಸರನ್ನು ಕೇಳಿಕೊಳ್ಳಲಿಲ್ಲವೆಂಬ ಕೊರಗು ಇಂದಿಗೂ ಇದೆ.

ಔಷಧದ ಪ್ರಮಾಣವನ್ನು ನಾನು ‘5.0 ಮಿ.ಗ್ರಾಂ’ ಎಂದು ತೋರಿಸಿದ್ದೆ. ಅವರು ಆ ಚುಕ್ಕೆಯನ್ನು ಪೆನ್ನಿನ ತುದಿಯಿಂದ ಮುಚ್ಚಿ, ‘ಈಗ ಓದಿ ನೋಡಿ’ ಎಂದರು. ಐವತ್ತು! ಮಂದ ಬೆಳಕಿನಲ್ಲಿ, ಅವಸರದಲ್ಲಿ ಆ ಚುಕ್ಕೆ ಕಣ್ತಪ್ಪಿದರೆ ರೋಗಿಗೆ ಹತ್ತು ಪಟ್ಟು ಔಷಧ ಹೋಗಬಹುದೆಂದೂ, ಅದಕ್ಕಾಗಿಯೇ ಪೂರ್ಣಾಂಕದ ನಂತರ ಚುಕ್ಕೆ ಸೊನ್ನೆ ಹಾಕಬಾರದು, ಆದರೆ ಅರ್ಧವನ್ನು ‘.5’ ಎನ್ನದೆ ‘0.5’ ಎಂದೇ ಬರೆಯಬೇಕು ಎಂದೂ ತಾಳ್ಮೆಯಿಂದ ತಿಳಿಸಿದರು. ಬಳಿಕ ಕೈಗವಸು ತೊಟ್ಟೇ ಗುಂಡಿಯೊಂದನ್ನು ಒತ್ತಿದರು. ಪಕ್ಕದ ‘ರದ್ದುಮಾಡಿ’ ಒತ್ತಿಹೋಯಿತು.

ವೈದ್ಯಕೀಯ ಸಾಧನಗಳ ಬಳಕೆಯ ಕುರಿತಾದ, 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ (ಐಇಸಿ) 62366-1 ಮಾನದಂಡವು ‘ಬಳಕೆದಾರರ ತಪ್ಪು’ ಎನ್ನದೆ ‘ಬಳಕೆಯ ದೋಷ’ ಎಂದೇ ಹೇಳುವುದನ್ನು ನಾನು ಪಾಠವಾಗಿ ಓದಿದ್ದೆನಾದರೂ, ಆ ಒಂದು ಪದದ ತೂಕ ಮನದಟ್ಟಾದದ್ದು ಅಂದು, ಅವರ ಬೆರಳು ತಪ್ಪಿದಾಗ. ತಪ್ಪಿದ್ದು ಅವರ ಬೆರಳಲ್ಲ, ನಾನು ಬಿಡದ ಅಂತರ.

ಈಗ ಪ್ರತಿ ಮಾದರಿಯನ್ನೂ ದೀಪ ಮಂದಗೊಳಿಸಿ, ಕೈಗವಸು ತೊಟ್ಟು ಪರೀಕ್ಷಿಸುತ್ತೇನೆ. ಮೇಡಂ, ನಿಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.