ಲಾನ್ ಚೇನಿಯ ಗೂನು 70 ಪೌಂಡ್ ಇರಲಿಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮೂಕಿ ಚಿತ್ರಗಳ ಕಾಲದ ಅಮೆರಿಕನ್ ನಟ ಲಾನ್ ಚೇನಿ (1883–1930) ಕುರಿತ ಬರಹ ಓದಿದೆವು. ನಾಟಕಕ್ಕೆ ಬಣ್ಣ ಹಚ್ಚುವ ಕಸುಬಿನವರಾದ ನಮಗೆ ಕನ್ನಡ ಪತ್ರಿಕೆಯಲ್ಲಿ ಅವರ ಹೆಸರು ಕಂಡದ್ದೇ ಖುಷಿ. ಆದರೆ ಬರಹದ ಉದ್ದಕ್ಕೂ ಕೇಳಿಸುವುದು ‘ಕಲೆಗಾಗಿ ದೇಹ ಹಿಂಡಿಕೊಂಡ ಮಹಾನುಭಾವ’ ಎಂಬ ಹಳೇ ರಾಗ. ಅದನ್ನು ಕಟ್ಟಿಕೊಟ್ಟದ್ದು ಬಹುಮಟ್ಟಿಗೆ ಆಗಿನ ಸ್ಟುಡಿಯೊಗಳ ಪ್ರಚಾರ ವಿಭಾಗ. ನಾವೂ ಅದನ್ನೇ ಹಾಡುತ್ತ ಕೂತರೆ ಚೇನಿಯ ಕೈಯಲ್ಲಿದ್ದ ವಿದ್ಯೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಗೂನಿನ ವಿಚಾರ. 1923ರ ‘ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ ಚಿತ್ರದಲ್ಲಿ ಅವರು 70 ಪೌಂಡ್ ತೂಕದ, ಎಂದರೆ ಸುಮಾರು 32 ಕೆಜಿಯ ರಬ್ಬರ್ ಗೂನು ಹೊತ್ತಿದ್ದರು ಎಂದು ಬರೆದಿದೆ. ಚೇನಿಯ ಜೀವನಚರಿತ್ರೆ ಬರೆದ ಮೈಕೆಲ್ ಬ್ಲೇಕ್ ಸ್ವತಃ ಹಾಲಿವುಡ್‌ನಲ್ಲಿ ಮೇಕಪ್ ಕೆಲಸ ಮಾಡಿದವರು. ಅವರು ಕೆದಕಿ ತೆಗೆದ ಪ್ರಕಾರ ಗೂನು ಪ್ಲಾಸ್ಟರಿನದು, ತೂಕ 20 ಪೌಂಡ್ ಆಸುಪಾಸು, ಅಂದರೆ 9 ಕೆಜಿ. ಬೆನ್ನು ಬಗ್ಗಿಸಿ ದಿನವಿಡೀ ಕುಣಿದಾಡಬೇಕಾದವನಿಗೆ ಅದೇನು ಹಗುರವಲ್ಲ, ಆದರೆ ಹೊರಬಹುದಾದದ್ದು. ಹಗ್ಗ ಹಿಡಿದು ಜಾರುವಂಥ ಸಾಹಸಕ್ಕೆ ಜೋ ಬೊನೊಮೊ ಎಂಬ ಬದಲಿ ಆಟಗಾರರಿದ್ದರು. ಇದರಿಂದ ಚೇನಿಗೆ ಯಾವ ಕುಂದೂ ಇಲ್ಲ.

‘ದಿ ಅನ್‌ನೋನ್’ (1927) ಚಿತ್ರದ ವಿಷಯದಲ್ಲೂ ಹೀಗೇ ಆಗಿದೆ. ಎರಡೂ ಕೈಯಿಲ್ಲದ ಸರ್ಕಸ್‌ನವನಾಗಿ ಚೇನಿ ಕಾಲಿನಿಂದಲೇ ಸಿಗರೇಟು ಹಚ್ಚಿದರು, ಚೂರಿ ಎಸೆದರು ಎಂದು ಬರಹ ಬೆರಗುಪಡುತ್ತದೆ. ಆ ಕಾಲುಗಳು ಹೆಚ್ಚಿನ ಕಡೆ ಪಾಲ್ ಡೆಸ್‌ಮ್ಯೂಕ್ ಅವರವು; ಅವರಿಗೆ ನಿಜವಾಗಿಯೂ ಕೈಗಳಿರಲಿಲ್ಲ. ಚೌಕಟ್ಟಿನೊಳಗೆ ಚೇನಿಯ ಮುಖ, ಎದೆ. ಕೆಳಗೆ ಡೆಸ್‌ಮ್ಯೂಕ್ ಅವರ ಕಾಲು. ಕಾಲು ಏನು ಮಾಡುತ್ತಿದೆಯೋ ಅದಕ್ಕೆ ತಕ್ಕಂತೆ ಭುಜ, ಕುತ್ತಿಗೆ, ಕಣ್ಣು ಚಲಿಸಬೇಕು, ಒಂದು ಕ್ಷಣ ತಪ್ಪಿದರೂ ಮೋಸ ಬಯಲು. ತಪ್ಪಿದ್ದು ಎಲ್ಲಿಯೂ ಕಾಣುವುದಿಲ್ಲ. ನಮ್ಮ ಮಟ್ಟಿಗೆ ಹೊಗಳಬೇಕಾದ್ದು ಇದನ್ನು.

ಈ ಹಿಡಿತ ಬಂದದ್ದು ಮನೆಯಿಂದ. ಕೊಲರಾಡೊ ಸ್ಪ್ರಿಂಗ್ಸ್‌ನ ಅವರ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಕೀಲುನೋವಿನಿಂದ ಹಾಸಿಗೆ ಹಿಡಿದ ತಾಯಿಗೆ ಹೊರಗೆ ನಡೆದದ್ದನ್ನೆಲ್ಲ ಹುಡುಗ ಕೈ-ಮುಖದಲ್ಲೇ ತಿಳಿಸಬೇಕಿತ್ತು. ಊರಿನ ಆಪೆರಾ ಹೌಸ್‌ನಲ್ಲಿ ರಂಗದ ಹಿಂದಿನ ಕೆಲಸ, 1902ರಿಂದ ರಂಗದ ಮೇಲೆ, ಆಮೇಲೆ ಊರೂರು ತಿರುಗುವ ಸಂಗೀತ-ಹಾಸ್ಯ ಕಂಪನಿಗಳಲ್ಲಿ ಹತ್ತು ವರ್ಷ. 1913ರಲ್ಲಿ ಮೊದಲ ಹೆಂಡತಿ ಕ್ಲೀವಾ ಲಾಸ್ ಏಂಜಲೀಸ್‌ನ ರಂಗಮಂದಿರವೊಂದರಲ್ಲಿ ವಿಷ ಕುಡಿದರು. ಜೀವ ಉಳಿಯಿತು, ಸಂಸಾರ ಉಳಿಯಲಿಲ್ಲ. ಆ ಗದ್ದಲದ ನಂತರ ಚೇನಿ ರಂಗಭೂಮಿ ಬಿಟ್ಟು ಯೂನಿವರ್ಸಲ್ ಕಂಪನಿಯ ಸಿನಿಮಾಗಳಿಗೆ ಬಂದರು. ಅಲ್ಲಿ ಐದು ವರ್ಷ ಸಣ್ಣಪುಟ್ಟ ಪಾತ್ರಗಳು. ವಾರಕ್ಕೆ 125 ಡಾಲರ್ ಕೇಳಿದಾಗ, ನೀನು ಎಂದಿಗೂ 100 ಡಾಲರ್‌ಗಿಂತ ಹೆಚ್ಚು ಬಾಳುವವನಲ್ಲ ಎಂಬರ್ಥದ ಉತ್ತರ ಬಂದಿತಂತೆ. 1918ರಲ್ಲಿ ಹೊರಬಿದ್ದರು, ಮರುವರ್ಷವೇ ‘ದಿ ಮಿರಾಕಲ್ ಮ್ಯಾನ್’ ಅವರನ್ನು ಮೇಲಕ್ಕೆತ್ತಿತು. ಅದರಲ್ಲಿ ಅಂಗವಿಕಲನಂತೆ ನಟಿಸುವ ಠಕ್ಕನೊಬ್ಬ ಎಲ್ಲರೆದುರು ಮೈ ಬಿಡಿಸಿ ಎದ್ದು ನಿಲ್ಲುತ್ತಾನೆ. ಮುಖಕ್ಕೆ ಅಂಟಿಸಿದ್ದು ಏನೂ ಇಲ್ಲ, ಎಲ್ಲ ಮೈಯದೇ ಕೆಲಸ. ಚಿತ್ರ ಈಗ ಕೆಲವು ನಿಮಿಷಗಳ ತುಣುಕಾಗಿ ಮಾತ್ರ ಉಳಿದಿದೆ.

ಇನ್ನು ನಮ್ಮ ಕಸುಬಿನ ಮಾತು. ಅಚ್ಚು ಹೊಯ್ದು ಫೋಮ್ ರಬ್ಬರಿನ ಮೂಗು, ಕೆನ್ನೆ ಮಾಡಿಟ್ಟುಕೊಳ್ಳುವ ಪದ್ಧತಿ ಹಾಲಿವುಡ್‌ನಲ್ಲಿ ಬೇರೂರಿದ್ದು 1930ರ ದಶಕದ ಕೊನೆಗೆ. ಚೇನಿಯ ಕಾಲದಲ್ಲಿ ಮುಖವನ್ನು ದಿನಾ ಬೆಳಗ್ಗೆ ಹೊಸದಾಗಿ ಕಟ್ಟಬೇಕು, ನಿನ್ನೆಯದಕ್ಕೂ ಇವತ್ತಿನದಕ್ಕೂ ವ್ಯತ್ಯಾಸ ಕಾಣಕೂಡದು. ಸಾಮಗ್ರಿ ಇಷ್ಟೇ: ಹತ್ತಿ, ಸ್ಪಿರಿಟ್ ಗಮ್ (ಚರ್ಮಕ್ಕೆ ಹಚ್ಚುವ ಅಂಟು), ಕೊಲೊಡಿಯನ್ (ಒಣಗಿದಾಗ ಪೊರೆಯಾಗುವ ದ್ರವ), ಮೂಗಿಗೆ ಹಚ್ಚುವ ಪುಟ್ಟಿ, ಮೀನಿನ ತೆಳುಪೊರೆ, ಗಡ್ಡ-ಮೀಸೆಗೆ ಕ್ರೇಪ್ ಕೂದಲು, ಗ್ರೀಸ್ ಪೇಂಟ್ ಎಂಬ ಜಿಡ್ಡಿನ ಬಣ್ಣ. ಕೆನ್ನೆಮೂಳೆ ಎತ್ತರಿಸಬೇಕಾದರೆ ಚರ್ಮದ ಜಿಡ್ಡು ಒರೆಸಿ, ಸ್ಪಿರಿಟ್ ಗಮ್ ಸವರಿ, ಅದು ಬೆರಳಿಗೆ ಅಂಟಂಟಾಗುವವರೆಗೆ ಕಾಯಬೇಕು. ಹಸಿಯಿದ್ದಾಗಲೇ ಹತ್ತಿ ಒತ್ತಿದರೆ ಜಾರುತ್ತದೆ. ಹತ್ತಿಯನ್ನು ಜೇಡರ ಬಲೆಯಷ್ಟು ತೆಳುವಾಗಿ ಬಿಡಿಸಿ ಇಟ್ಟು, ಅಂಚನ್ನು ಚರ್ಮದಲ್ಲಿ ಕರಗುವಂತೆ ತಟ್ಟಿ, ಮೇಲೆ ಕೊಲೊಡಿಯನ್ ಬಳಿದು ಒಣಗಿಸಿ, ಮತ್ತೆ ಹತ್ತಿ, ಮತ್ತೆ ಕೊಲೊಡಿಯನ್. ಆತುರಪಟ್ಟು ಒಂದೇ ಸಲ ದಪ್ಪಗೆ ಹಾಕಿದರೆ ಒಳಪದರ ಒಣಗುವುದಿಲ್ಲ, ಬೆವರಿಗೆ ಇಡೀ ಗಡ್ಡೆಯೇ ಸಡಿಲಿ ಬರುತ್ತದೆ. ಕೊಲೊಡಿಯನ್ನಿನಲ್ಲಿ ಈಥರ್ ಮತ್ತು ಆಲ್ಕೋಹಾಲ್ ಇರುವುದರಿಂದ ಬೆಂಕಿಗೆ ಬಲು ಬೇಗ ಹತ್ತುತ್ತದೆ. ಒಣಗುತ್ತ ಚರ್ಮವನ್ನು ಸೆಳೆಯುತ್ತದೆ. ಗಾಯದ ಗುರುತು ಮಾಡಲು ಈ ಸೆಳೆತವೇ ಬೇಕು, ಕೆನ್ನೆಗೆ ಬೇಡ. ಪುಟ್ಟಿಯದು ಬೇರೆ ತಗಾದೆ. ಮೂಳೆಯ ಮೇಲೆ ನಿಲ್ಲುತ್ತದೆ, ಮಾತಾಡುವಾಗ ಮಡಿಸುವ ಜಾಗದಲ್ಲಿ ಬಿರಿಯುತ್ತದೆ, ಸ್ಟುಡಿಯೊದ ಪ್ರಖರ ಆರ್ಕ್ ದೀಪದ ಕಾವಿಗೆ ಮೆತ್ತಗಾಗುತ್ತದೆ.

‘ಮಿಸ್ಟರ್ ವು’ (1927) ಚಿತ್ರದ ಮುದುಕನ ಮುಖಕ್ಕೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತಿತ್ತು. ಕೆನ್ನೆಗೆ ಹತ್ತಿ-ಕೊಲೊಡಿಯನ್, ಹೊಳ್ಳೆ ಅಗಲಿಸಲು ಸಿಗಾರ್ ಹೋಲ್ಡರಿನ ತುದಿಗಳು, ಕಣ್ಣಿನ ಆಕಾರಕ್ಕೆ ಮೀನಿನ ಪೊರೆ. ಉದ್ದ ಉಗುರುಗಳನ್ನು ಮಾಡಿದ್ದು ಸಿನಿಮಾ ಫಿಲ್ಮ್ ಪಟ್ಟಿಗೆ ಬಣ್ಣ ಬಳಿದು! ಬಿಳಿಯರು ಚೀನೀಯರ ವೇಷ ಹಾಕುತ್ತಿದ್ದ ಆ ಚಾಳಿಯನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅದೇ ಚಿತ್ರದಲ್ಲಿ ಚೀನೀ ಮೂಲದ ಆನಾ ಮೇ ವಾಂಗ್ ಸಣ್ಣ ಪಾತ್ರಕ್ಕೆ ತೃಪ್ತಿಪಡಬೇಕಾಯಿತು. ಕೈಚಳಕದ ಲೆಕ್ಕ ಬೇರೆ.

ಬರಹದಲ್ಲಿ ಪೂರ್ತಿ ಬಿಟ್ಟುಹೋದದ್ದು ಫಿಲ್ಮಿನ ವಿಚಾರ. 1920ರ ದಶಕದ ನಡುವಿನವರೆಗೂ ಬಹುಪಾಲು ಬಳಕೆಯಲ್ಲಿದ್ದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ನೀಲಿ, ಹಸಿರು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಕೆಂಪು ತುಟಿ ಕಪ್ಪಾಗುತ್ತದೆ, ನೀಲಿ ಕಣ್ಣು ಬಿಳಿಚಿಕೊಳ್ಳುತ್ತದೆ. ನಾಟಕದ ಅಭ್ಯಾಸದಂತೆ ಕೆನ್ನೆಗೆ ಕೆಂಪು ಹಚ್ಚಿ ಬಂದ ನಟ ಪರದೆಯ ಮೇಲೆ ಕೆನ್ನೆ ಗುಳಿಬಿದ್ದ ರೋಗಿಯಂತೆ ಕಾಣುತ್ತಿದ್ದ. ಉಳಿದವರಿಗೆ ಪೀಡೆಯಾದದ್ದು ಭಯಾನಕ ಮುಖ ಬೇಕಾದವನಿಗೆ ವರ: ಗುಳಿ ಬೇಕಾದ ಕಡೆ ಕೆಂಪು, ಉಬ್ಬಬೇಕಾದ ಕಡೆ ತಿಳಿಬಣ್ಣ. ಪರೀಕ್ಷಿಸುವ ಮನಸ್ಸಿದ್ದವರು ಕೆಂಪು ಹಚ್ಚಿದ ಕೆನ್ನೆಯ ಮೇಲೆ ನೀಲಿ-ಹಸಿರು ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದ ದೀಪ ಬಿಟ್ಟು ನೋಡಬಹುದು. ಕೆಂಪು ದೀಪ ಬಿಟ್ಟರೆ ಅದೇ ಬಣ್ಣ ಮಾಯವಾಗುತ್ತದೆ. (ಎಲ್‌ಇಡಿ ದೀಪ ಬಂದ ಮೇಲೆ ನಮ್ಮ ರಂಗಮಂದಿರಗಳಲ್ಲಿ ಪ್ರಸಾಧನ ಕೈಕೊಡುವುದಕ್ಕೆ ಇದೂ ಒಂದು ಕಾರಣ, ಬಣ್ಣ ಹಚ್ಚುವವರನ್ನೂ ಬೆಳಕಿನವರನ್ನೂ ಮೊದಲೇ ಒಟ್ಟಿಗೆ ಕೂರಿಸಿದರೆ ಅರ್ಧ ತೊಂದರೆ ತಪ್ಪೀತು.) ದಶಕದ ಕೊನೆಗೆ ಎಲ್ಲ ಬಣ್ಣ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಂದಾಗ ಈ ಲೆಕ್ಕವೆಲ್ಲ ಬುಡಮೇಲಾಯಿತು, ಚೇನಿ ಅದಕ್ಕೂ ಹೊಂದಿಕೊಂಡರು. 1929ರ ಎನ್‌ಸೈಕ್ಲೊಪೀಡಿಯ ಬ್ರಿಟಾನಿಕಾದಲ್ಲಿ ಮೇಕಪ್ ಬಗ್ಗೆ ಬರೆಯಲು ಕೇಳಿದ್ದು ಇವರನ್ನೇ.

‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ (1925) ಚಿತ್ರದ ತಲೆಬುರುಡೆಯಂಥ ಮುಖವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೂಗಿನ ತುದಿಗೆ ಮೀನಿನ ಪೊರೆಯ ಪಟ್ಟಿ ಅಂಟಿಸಿ ಮೇಲಕ್ಕೆಳೆದು ಹಣೆಯ ಕಡೆ ಕಟ್ಟಿದ್ದಾರೆ, ಹೊಳ್ಳೆಯ ಅಂಚನ್ನು ಕಪ್ಪಿನಿಂದ ಹಿಗ್ಗಿಸಿದ್ದಾರೆ. ಬಾಯಿಗೆ ಕೃತಕ ಹಲ್ಲು, ತಲೆಗೆ ಬೋಳು ಟೋಪಿ, ಕಿವಿಗಳನ್ನು ತಲೆಗೆ ಒತ್ತಿ ಅಂಟಿಸಿದೆ. ಮೂಗಿನೊಳಗೆ ತಂತಿಯಿತ್ತು, ರಕ್ತ ಸುರಿಯುತ್ತಿತ್ತು ಎಂದು ಛಾಯಾಗ್ರಾಹಕ ಚಾರ್ಲ್ಸ್ ವ್ಯಾನ್ ಎಂಗರ್ ಎಷ್ಟೋ ವರ್ಷಗಳ ಮೇಲೆ ನೆನೆದದ್ದುಂಟು. ನೋವು ಇರಲೇ ಇಲ್ಲ ಎಂದು ನಾವೂ ಹೇಳುವುದಿಲ್ಲ. ‘ದಿ ಪೆನಾಲ್ಟಿ’ (1920) ಚಿತ್ರಕ್ಕೆ ಕಾಲನ್ನು ಹಿಂದಕ್ಕೆ ಮಡಿಸಿ ಕಟ್ಟಿ, ಮಂಡಿಗೆ ಚರ್ಮದ ಕವಚ ತೊಟ್ಟಾಗ ರಕ್ತ ಸಂಚಾರವೇ ನಿಲ್ಲುತ್ತಿತ್ತು. ಅದಕ್ಕೇ ಪ್ರತಿ ಸಲ ಕೆಲವೇ ನಿಮಿಷ ಚಿತ್ರೀಕರಿಸಿ ಬಿಚ್ಚುತ್ತಿದ್ದರು. ಇಷ್ಟು ಹೊತ್ತಿಗಿಂತ ಹೆಚ್ಚು ತಾಳಲಾಗದು ಎಂದು ಅಳೆದುಕೊಂಡು ದುಡಿದವರನ್ನು ಹುಚ್ಚು ತ್ಯಾಗಿಯೆಂದು ಕರೆಯುವುದು ಸರಿಯಲ್ಲ.

ಸಾವಿನ ವಿವರವೂ ತಪ್ಪಾಗಿದೆ. ಕೃತಕ ಹಿಮದ ಚೂರು ಗಂಟಲಿಗೆ ಸಿಕ್ಕಿ ಸತ್ತರು ಎಂಬುದು ಬಲು ಓಡಾಡಿದ ಕಥೆ. ಅವರಿಗಿದ್ದದ್ದು ಶ್ವಾಸಕೋಶದ ಕ್ಯಾನ್ಸರ್. 1930ರ ಆಗಸ್ಟ್ 26ರಂದು ಗಂಟಲಿನ ರಕ್ತಸ್ರಾವದಿಂದ ತೀರಿಕೊಂಡರು. ಅದಕ್ಕೆ ಕೆಲವೇ ವಾರ ಮೊದಲು ಅವರ ಏಕೈಕ ಮಾತಿನ ಚಿತ್ರ ‘ದಿ ಅನ್‌ಹೋಲಿ ತ್ರೀ’ ತೆರೆಕಂಡಿತ್ತು. ಅದರಲ್ಲಿನ ಐದು ದನಿಗಳೂ, ಮುದುಕಿಯದು, ಗಿಣಿಯದು ಸೇರಿ, ತನ್ನವೇ ಎಂದು ಅವರು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದರು.

ಚಿತ್ರ ನೋಡಬಯಸುವ ಓದುಗರಿಗೆ ಒಂದು ಸೂಚನೆ. ‘ಫ್ಯಾಂಟಮ್’ನ ಚೊಕ್ಕ ಪ್ರತಿಗಳೆಲ್ಲ 1929ರ ಸುಮಾರಿಗೆ ಮತ್ತೆ ಜೋಡಿಸಿದ ರೂಪದವು. 1925ರ ಮೂಲ ಜೋಡಣೆ ಉಳಿದಿರುವುದು 16 ಎಂಎಂ ಅಗಲದ ಸಣ್ಣ ಫಿಲ್ಮಿನ ಪ್ರತಿಗಳಲ್ಲಿ ಮಾತ್ರ, ಮಸುಕಾಗಿದೆ. ಮೇಕಪ್ ನೋಡಲು ಮೊದಲನೆಯದು, ಕಥೆಯ ಓಟಕ್ಕೆ ಎರಡನೆಯದು. ‘ಲಂಡನ್ ಆಫ್ಟರ್ ಮಿಡ್‌ನೈಟ್’ (1927) ಹುಡುಕುವ ಗೋಜಿಗೆ ಹೋಗಬೇಡಿ. ಗೊತ್ತಿದ್ದ ಕೊನೆಯ ಪ್ರತಿ 1965ರಲ್ಲಿ ಎಂಜಿಎಂ ಸ್ಟುಡಿಯೊದ ಉಗ್ರಾಣದ ಬೆಂಕಿಗೆ ಆಹುತಿಯಾಯಿತು. ಜಾಲತಾಣಗಳಲ್ಲಿ ಸಿಗುವುದು ಸ್ಥಿರಚಿತ್ರಗಳನ್ನು ಪೋಣಿಸಿ 2002ರಲ್ಲಿ ಮಾಡಿದ್ದು.

ಕೊನೆಯದಾಗಿ, ಬರಹದ ನಡುವೆ ಅಚ್ಚಾದ ತೋಳಮಾನವನ ದೊಡ್ಡ ಚಿತ್ರ ಲಾನ್ ಚೇನಿಯದಲ್ಲ. ಅದು 1941ರ ಚಿತ್ರದ್ದು, ಅಷ್ಟರಲ್ಲಿ ಅವರು ತೀರಿಕೊಂಡು ಹನ್ನೊಂದು ವರ್ಷ. ಅದರಲ್ಲಿರುವುದು ಮಗ ಕ್ರೇಟನ್, ಅಪ್ಪನ ಹೆಸರಿಟ್ಟುಕೊಂಡ ಲಾನ್ ಚೇನಿ ಜೂನಿಯರ್. ಮೇಕಪ್ ಜ್ಯಾಕ್ ಪಿಯರ್ಸ್ ಅವರದು. ಮುದ್ರಿತ ಸಂಚಿಕೆಯಲ್ಲಿ ಆದದ್ದು ಆಯಿತು, ಜಾಲತಾಣದಲ್ಲಿರುವ ಪ್ರತಿಯಲ್ಲಾದರೂ ಚಿತ್ರ ಬದಲಿಸಿ ಎಂದು ಕೋರುತ್ತೇವೆ.

— ರಂಗ ಪ್ರಸಾಧನ ಕಲಾವಿದರು, ಮೈಸೂರು