ಅಂಗಡಿಗೆ ಹೋಗುವ ಮೊದಲು ಗೋಡೆ ಅಳೆ

ಪುಟ್ಟಿ,

ಮನೆ ಕೆಲಸ ಶುರು ಮಾಡುತ್ತೀರಿ ಅಂತ ಕೇಳಿ ತುಂಬಾ ಖುಷಿಯಾಯಿತು. ಹಾಲ್‌ಗೆ ಟೈಲ್ಸ್, ರೂಮಿಗೆ ಬಣ್ಣ, ಅಡುಗೆಮನೆಗೆ ಹೊಸ ಸಿಂಕು, ನಲ್ಲಿ, ದೀಪ, ಎಲ್ಲವನ್ನೂ ಈ ಶನಿವಾರ ಒಂದೇ ಸಲ ಹೋಗಿ ತಂದುಬಿಡುತ್ತೇವೆ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಸ್ವಲ್ಪ ತಡಿ ಮಗಳೇ. ಶನಿವಾರ ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಅವತ್ತು ಏನೂ ಕೊಳ್ಳಬೇಡಿ.

ಮೊದಲ ಸುತ್ತು ಬರೀ ನೋಡುವುದಕ್ಕೆ ಇರಲಿ. ಕೊಳ್ಳುವ ಮನಸ್ಸು ಇಟ್ಟುಕೊಂಡು ಹೋದರೆ ಅಂಗಡಿಯವರು ಎದುರಿಗೆ ಇಟ್ಟಿದ್ದರಲ್ಲೇ ಆರಿಸುತ್ತೀರಿ. ನೋಡುವುದಕ್ಕೆ ಅಂತಲೇ ಹೋದರೆ ಪ್ರಶ್ನೆ ಕೇಳುತ್ತೀರಿ. ಒಂದು ದೊಡ್ಡ ಶೋರೂಮ್, ಒಂದು ಚಿಕ್ಕ ಹಾರ್ಡ್‌ವೇರ್ ಅಂಗಡಿ, ಜೊತೆಗೆ ಫೋನಿನಲ್ಲಿ ಸಿಗುವ ಬೆಲೆ, ಇಷ್ಟಾದರೂ ಒಂದರ ಪಕ್ಕ ಒಂದು ಇಡದೆ ದುಡ್ಡು ಬಿಚ್ಚಬೇಡ. ಚಿಕ್ಕ ಅಂಗಡಿಯನ್ನು ಬಿಡಲೇಬೇಡ. ಅಲ್ಲಿ ಗಲ್ಲಾದ ಹಿಂದೆ ಕೂತವರಿಗೆ ಯಾವ ನಲ್ಲಿ ಆರು ತಿಂಗಳಿಗೆ ವಾಪಸ್ ಬರುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ ಕೂಡ.

ಹೊರಡುವ ಮೊದಲು ಮನೆಯಲ್ಲೇ ಅರ್ಧ ಕೆಲಸ ಮುಗಿಸಿಕೊಳ್ಳಿ. ಟೇಪ್ ಹಿಡಿದು ಪ್ರತಿ ಗೋಡೆಯ ಉದ್ದ, ಎತ್ತರ, ಬಾಗಿಲು, ಕಿಟಕಿ ಎಲ್ಲ ಅಳೆದು ಒಂದು ಕಾಗದದಲ್ಲಿ ಬರೆಯಿರಿ. ಸಿಂಕು ಕೂರುವ ಜಾಗದ ಅಳತೆ, ಅದರ ಕೆಳಗಿನ ಪೈಪಿನ ಫೋಟೋ, ಹಳೆ ನಲ್ಲಿ ಬಿಚ್ಚಲು ಆಗುವುದಾದರೆ ಆ ನಲ್ಲಿಯನ್ನೇ ಜೊತೆಗೆ ತೆಗೆದುಕೊಂಡು ಹೋಗಿ. ಯಾಕೆ ಹೇಳುತ್ತೇನೆ ಅಂದರೆ, ಅರ್ಧ ಇಂಚು ಅಂತ ಕರೆಯುವ ನಲ್ಲಿಯ ಥ್ರೆಡ್ಡನ್ನು, ಅಂದರೆ ಪೈಪಿಗೆ ತಿರುಗಿಸಿ ಕೂರಿಸುವ ಸುರುಳಿ ಗೀರಿನ ಭಾಗವನ್ನು, ಹೊರಗಿನಿಂದ ಅಳೆದರೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಅರ್ಧ ಇಂಚು ಅಂದರೆ 13 ಮಿಲಿಮೀಟರ್ ಕೂಡ ಇಲ್ಲ. ಇದು ಗೊತ್ತಿಲ್ಲದೆ ಸ್ಕೇಲ್ ಇಟ್ಟು ಅಳೆದವರು ಮುಕ್ಕಾಲು ಇಂಚಿನದು ಕೊಡಿ ಅಂತ ಕೇಳಿ ತಪ್ಪು ಸಾಮಾನು ತರುತ್ತಾರೆ. ಹಳೆಯದನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಆ ತಲೆನೋವೇ ಇಲ್ಲ.

ಈಗ ಟೈಲ್ಸ್ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಓದು, ಜನ ಜಾಸ್ತಿ ಎಡವುವುದು ಇಲ್ಲೇ.

ಎರಡು ಅಡಿಗೆ ಎರಡು ಅಡಿ ಅಂತ ಹೇಳಿ ಮಾರುವ ಟೈಲ್ ಸಾಮಾನ್ಯವಾಗಿ 600 ಮಿಲಿಮೀಟರ್ ಇರುತ್ತದೆ. ನಿಜವಾದ ಎರಡು ಅಡಿ ಅಂದರೆ 609.6 ಮಿಲಿಮೀಟರ್. ಒಂದು ಸೆಂಟಿಮೀಟರ್ ಕೂಡ ಇಲ್ಲದ ವ್ಯತ್ಯಾಸ, ಏನು ಮಹಾ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡು. ನಾಲ್ಕು ಟೈಲ್ ಇರುವ ಬಾಕ್ಸ್ 16 ಚದರ ಅಡಿ ಬರುತ್ತದೆ ಅಂತ ಅಂದುಕೊಂಡಿರುತ್ತೇವೆ, ನಿಜವಾಗಿ ಬರುವುದು 1.44 ಚದರ ಮೀಟರ್, ಅಂದರೆ ಸುಮಾರು 15.5 ಚದರ ಅಡಿ. ನಿಮ್ಮ ಹಾಲ್ 200 ಚದರ ಅಡಿ ಇದೆ ಅಂತ ಇಟ್ಟುಕೊಳ್ಳೋಣ. ಕತ್ತರಿಸುವಾಗ, ಒಡೆದಾಗ ಹೋಗುವುದಕ್ಕೆ ನೂರಕ್ಕೆ 10 ಸೇರಿಸಿದರೆ 220. ಹದಿನಾರರ ಲೆಕ್ಕದಲ್ಲಿ 14 ಬಾಕ್ಸ್ ಸಾಕು ಅನ್ನಿಸುತ್ತದೆ, ಸರಿಯಾದ ಲೆಕ್ಕದಲ್ಲಿ 15 ಬೇಕು. ಓರೆಯಾಗಿ ಹಾಕಿಸುವುದಾದರೆ ನೂರಕ್ಕೆ 15ರಷ್ಟಾದರೂ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಆ ಒಂದು ಬಾಕ್ಸ್ ಆಮೇಲೆ ತಂದರಾಯಿತು ಅನ್ನಬೇಡ. ಬಾಕ್ಸಿನ ಬದಿಯಲ್ಲಿ ಬ್ಯಾಚ್ ನಂಬರ್, ಶೇಡ್ ನಂಬರ್ ಅಂತ ಅಚ್ಚಾಗಿರುತ್ತದೆ. ಅದೇ ಕಂಪನಿ, ಅದೇ ಡಿಸೈನ್ ಆದರೂ ಬೇರೆ ಬ್ಯಾಚಿನದು, ಅಂದರೆ ಬೇರೆ ಸಲ ತಯಾರಿಸಿದ್ದು, ಸುಡುವಾಗ ಬಣ್ಣದಲ್ಲಿ ಒಂಚೂರು ಆಚೆ ಈಚೆ ಆಗಿರುತ್ತದೆ, ಅಳತೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಅಂಗಡಿಯಲ್ಲಿ ಒಂದೊಂದಾಗಿ ನೋಡಿದರೆ ಗೊತ್ತೇ ಆಗುವುದಿಲ್ಲ. ನೆಲಕ್ಕೆ ಹಾಕಿದ ಮೇಲೆ ಬೆಳಕು ಬಿದ್ದಾಗ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಹಾಗಾಗಿ ಬೇಕಾದಷ್ಟನ್ನೂ ಒಂದೇ ಸಲ ತರಿಸಿ, ಗಾಡಿಯಿಂದ ಇಳಿಸುವಾಗಲೇ ಪ್ರತಿ ಬಾಕ್ಸಿನ ನಂಬರ್ ನೋಡಿ. ಒಡೆಯದೆ ಉಳಿದ ಬಾಕ್ಸನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಇದಕ್ಕೆ ಒಪ್ಪುವ ಅಂಗಡಿ ಬೆಲೆಯಲ್ಲಿ ಸ್ವಲ್ಪ ಜಾಸ್ತಿ ಇದ್ದರೂ ನಾನು ಅಲ್ಲಿಂದಲೇ ತರುತ್ತೇನೆ. ಇನ್ನೊಂದು ಮಾತು, ಗೋಡೆಯ ಟೈಲ್ ಅಗ್ಗ ಇದೆ ಅಂತ ನೆಲಕ್ಕೆ ತರಬೇಡಿ. ಗೋಡೆಯದು ನೀರು ಹೀರುವುದು ಜಾಸ್ತಿ, ತುಳಿತ ತಡೆಯುವ ಗಟ್ಟಿತನ ಕಮ್ಮಿ. ಒಳ್ಳೆಯ ಪೋರ್ಸಲಿನ್ ಟೈಲ್ ತನ್ನ ತೂಕದ ಶೇಕಡಾ ಅರ್ಧದಷ್ಟು (0.5) ನೀರನ್ನೂ ಹೀರುವುದಿಲ್ಲ. ಬಾಕ್ಸಿನ ಮೇಲೆ ಅದೂ ಬರೆದಿರುತ್ತದೆ, ಓದಿ ನೋಡು.

ಬಣ್ಣಕ್ಕೆ ಬಂದರೆ, ಡಬ್ಬದ ಬೆಲೆ ಹೋಲಿಸಿ ಏನೂ ಪ್ರಯೋಜನ ಇಲ್ಲ. ಒಂದು ಲೀಟರ್ ಎಷ್ಟು ಚದರ ಅಡಿ ಬರುತ್ತದೆ, ಎಷ್ಟು ಕೋಟ್ ಬೇಕು, ಇವೆರಡನ್ನು ಕೇಳಬೇಕು. ಹತ್ತಕ್ಕೆ ಹನ್ನೆರಡು ಅಡಿಯ ರೂಮು, ಎತ್ತರ ಹತ್ತು ಅಡಿ ಅಂದರೆ ನಾಲ್ಕೂ ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಹತ್ತಿರ ಹತ್ತಿರ 400. ಒಂದು ಲೀಟರಿಗೆ ಒಂದು ಕೋಟಿನಲ್ಲಿ 100 ಚದರ ಅಡಿ ಅಂತ ಹಿಡಿದರೆ, ಎರಡು ಕೋಟ್ ಹೊಡೆಯಲು 8 ಲೀಟರ್ ಬೇಕು. ತೆಳು ಬಣ್ಣ ತಂದು, ಕೆಳಗಿನ ಹಳೆ ಬಣ್ಣ ಇಣುಕುತ್ತದೆ ಅಂತ ಮೂರನೇ ಕೋಟ್ ಹೊಡೆಯಬೇಕಾಗಿ ಬಂದರೆ 12 ಲೀಟರ್ ಆಯಿತು. ಅಂದರೆ ಅದರ ಬೆಲೆ ಮೂರರಲ್ಲಿ ಒಂದು ಪಾಲು ಕಮ್ಮಿ ಇದ್ದರೂ ಒಂದು ಕಾಸೂ ಉಳಿಯಲಿಲ್ಲ, ಮೇಲೆ ಪೇಂಟರಿಗೆ ಇನ್ನೊಂದು ದಿನದ ಕೂಲಿ! ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಲೆಕ್ಕ ನಯವಾದ ಗೋಡೆಯದು. ನಿಮ್ಮ ಗೋಡೆ ಒರಟಾಗಿದ್ದರೆ ಅಷ್ಟು ಬರುವುದಿಲ್ಲ, ಅದನ್ನೂ ನೆನಪಿಟ್ಟುಕೋ. ಶೇಡನ್ನು ಮಾತ್ರ ಅಂಗಡಿಯ ದೀಪದ ಕೆಳಗೆ ನಿರ್ಧಾರ ಮಾಡಬೇಡ. ಚಿಕ್ಕ ಸ್ಯಾಂಪಲ್ ತಂದು ಗೋಡೆಯ ಮೇಲೆ ಒಂದು ಮೊಳ ಜಾಗಕ್ಕೆ ಬಳಿದು, ಹಗಲು ಒಂದು ಸಲ, ರಾತ್ರಿ ದೀಪ ಹಾಕಿ ಒಂದು ಸಲ ನೋಡು. ಮಷೀನಿನಲ್ಲಿ ಕಲಸಿಕೊಟ್ಟ ಬಣ್ಣವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಸಿಂಕು ನೋಡುವಾಗ ಗೇಜ್ ಎಷ್ಟು ಅಂತ ಕೇಳು. ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು, ಹಾಗಾಗಿ 22ಕ್ಕಿಂತ 18 ಗಟ್ಟಿ. ಎಷ್ಟೋ ಜನ ಇದನ್ನು ಉಲ್ಟಾ ತಿಳಿದುಕೊಂಡಿರುತ್ತಾರೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲು ಅಂತ ಹೇಳುವವರಿದ್ದಾರೆ, ಅದು ಅರ್ಧ ಸತ್ಯ. 304 ಅನ್ನುವ ಒಳ್ಳೆಯ ದರ್ಜೆಗೆ ಅಯಸ್ಕಾಂತ ಅಂಟುವುದಿಲ್ಲ ನಿಜ, ಆದರೆ ಅಗ್ಗದ 200ರ ಸಾಲಿನ ಸ್ಟೀಲಿಗೂ ಅಂಟುವುದಿಲ್ಲ. ಅದಕ್ಕೇ ದರ್ಜೆ ಯಾವುದು ಅಂತ ಬಿಲ್ಲಿನಲ್ಲಿ ಬರೆದುಕೊಡಲು ಹೇಳು. ಬರೆಯಲು ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿ ನೋಡು.

ನಲ್ಲಿಯನ್ನು ಕೈಯಲ್ಲಿ ಹಿಡಿದು ತೂಕ ನೋಡು, ಹಿಡಿ ತಿರುಗಿಸಿ ನೋಡು, ನೀರು ಬಿಡುವ, ನಿಲ್ಲಿಸುವ ಒಳಗಿನ ಭಾಗ, ಅಂದರೆ ಕಾರ್ಟ್ರಿಜ್, ಬಿಡಿಯಾಗಿ ಸಿಗುತ್ತದಾ ಅಂತ ಕೇಳು. ಫೋನಿನಲ್ಲಿ ಫೋಟೋ ನೋಡಿ ತರಿಸಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ದೀಪಗಳನ್ನು ಬೇಕಾದರೆ ಆನ್‌ಲೈನ್ ತರಿಸು, ವ್ಯಾಟ್ ಬದಲು ಲ್ಯೂಮೆನ್, ಅಂದರೆ ಬೆಳಕಿನ ಅಳತೆ, ಹೋಲಿಸಿದರೆ ಸಾಕು. ಹಳೇ 60 ವ್ಯಾಟ್ ಬಲ್ಬಿನಷ್ಟು ಬೆಳಕು ಬೇಕಾದರೆ 800 ಲ್ಯೂಮೆನ್ ಇರಬೇಕು.

ಇನ್ನು ರಿಯಾಯಿತಿ. ದೊಡ್ಡ ಅಕ್ಷರದಲ್ಲಿ ಶೇಕಡಾ 40 ಕಡಿತ ಅಂತ ಹಾಕಿರುತ್ತಾರೆ. ಯಾವ ಬೆಲೆಯ ಮೇಲೆ ಕಡಿತ? ಮೊದಲ ಸುತ್ತಿನಲ್ಲಿ ನೀನು ಬರೆದುಕೊಂಡ ಬೆಲೆ ಕೆಲಸಕ್ಕೆ ಬರುವುದು ಆಗಲೇ. ಪಕ್ಕದ ಅಂಗಡಿಯಲ್ಲಿ ಯಾವ ರಿಯಾಯಿತಿಯೂ ಇಲ್ಲದೆ ಅದೇ ಬೆಲೆಗೆ ಸಿಗುತ್ತಿದ್ದರೆ ಆ 40ಕ್ಕೆ ಅರ್ಥ ಏನು? ಮಾಡೆಲ್ ನಂಬರನ್ನು ಪೂರ್ತಿ ಬರೆದುಕೋ, ಕೊನೆಯ ಅಕ್ಷರದವರೆಗೂ. ನೋಡಲು ಒಂದೇ ಥರ ಇರುವ ಎರಡು ನಲ್ಲಿಗಳಲ್ಲಿ ಒಂದು ಅಕ್ಷರ ಬೇರೆ ಇದ್ದರೆ ಒಳಗಿನ ಸಾಮಾನು ಬೇರೆ ಇರಬಹುದು, ಆಗ ಬೆಲೆ ಹೋಲಿಸಿದ್ದೆಲ್ಲ ವ್ಯರ್ಥ. ಒಂದು ಕಡೆಯ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಇನ್ನೊಂದು ಕಡೆ ಸೇರಿರುವುದಿಲ್ಲ. ಸಾಗಾಣಿಕೆ, ಇಳಿಸುವ ಕೂಲಿ, ಮಹಡಿ ಹತ್ತಿಸುವುದು, ಫಿಟ್ಟಿಂಗ್, ಟೈಲಿಗೆ ಬೇಕಾದ ಅಂಟು, ಸಂದಿಗೆ ತುಂಬುವ ಗ್ರೌಟ್, ಇಷ್ಟನ್ನೂ ಸೇರಿಸಿ ಮನೆಯಲ್ಲಿ ಕೂರಿಸಿ ಮುಗಿಸುವಾಗ ಎಷ್ಟಾಗುತ್ತದೆ ಅನ್ನುವ ಮೊತ್ತವನ್ನು ಮಾತ್ರ ಹೋಲಿಸು. ಚೀಟಿಯ ಮೇಲಿನ ಬೆಲೆ ನಿನ್ನ ಜೇಬಿನಿಂದ ಹೋಗುವ ಬೆಲೆಗೆ ಬಹಳ ದೂರ ಇರುತ್ತದೆ.

ಕೆಲಸದವರು ಇಂಥ ಅಂಗಡಿಯಿಂದಲೇ ತನ್ನಿ ಅಂತ ಒತ್ತಾಯ ಮಾಡಿದರೆ, ಯಾಕೆ ಅಂತ ಮೆಲ್ಲಗೆ ಕೇಳು. ಕೆಲವು ಸಲ ಅಲ್ಲಿಂದ ಅವರಿಗೆ ಕಮಿಷನ್ ಸಿಗುತ್ತದೆ, ಕೆಲವು ಸಲ ಅಲ್ಲಿನ ಸಾಮಾನು ನಿಜವಾಗಿಯೂ ಚೆನ್ನಾಗಿರುತ್ತದೆ. ಕಾರಣ ಕೇಳಿದರೆ ಎರಡರಲ್ಲಿ ಯಾವುದು ಅಂತ ನಿನಗೇ ಗೊತ್ತಾಗುತ್ತದೆ. ಅವರ ಮನಸ್ಸು ನೋಯಿಸಬೇಡ, ನಿಮ್ಮ ನೆಲ ಸಮ ಮಾಡಬೇಕಾದವರು ಅವರೇ.

ಹಾಗಂತ ಎಲ್ಲದಕ್ಕೂ ಅಂಗಡಿ ಅಂಗಡಿ ಸುತ್ತಬೇಡ. ಮೊಳೆ, ಸ್ಕ್ರೂ, ಉಜ್ಜುಕಾಗದ, ಬ್ರಷ್ಷು, ಇದಕ್ಕೆಲ್ಲ ಹತ್ತಿರದ ಅಂಗಡಿ ಸಾಕು, ಓಡಾಟದ ಖರ್ಚೇ ಜಾಸ್ತಿಯಾಗುತ್ತದೆ. ಜಾಸ್ತಿ ಚದರ ಅಡಿಗೆ ಹೋಗುವುದು, ಒಮ್ಮೆ ಕೂರಿಸಿದರೆ ಕೀಳಲು ಆಗದೆ ಇರುವುದು, ನೀರು ಮತ್ತು ಕರೆಂಟಿಗೆ ಸಂಬಂಧಪಟ್ಟಿದ್ದು, ಇವಕ್ಕೆ ಮಾತ್ರ ಸಮಯ ಕೊಡು. ಗೋಡೆಯೊಳಗೆ ಹೋಗುವ ವೈರು, ಪೈಪು ವಿಷಯದಲ್ಲಂತೂ ಕಮ್ಮಿ ಬೆಲೆ ಹುಡುಕಲೇಬೇಡ. ಅದನ್ನು ಬದಲಾಯಿಸಬೇಕಾದರೆ ಹೊಸ ಟೈಲ್ಸ್ ಒಡೆಯಬೇಕಾಗುತ್ತದೆ.

ಶನಿವಾರದ ಮುಂಚೆ ಅಳತೆ ಬರೆದ ಕಾಗದದ ಫೋಟೋ ಕಳಿಸು, ಬಾಕ್ಸುಗಳ ಲೆಕ್ಕ ನಾನೂ ಒಂದು ಸಲ ಹಾಕಿ ನೋಡುತ್ತೇನೆ. ಅಂಗಡಿಯಲ್ಲಿ ಏನಾದರೂ ಗೊಂದಲ ಆದರೆ ಅಲ್ಲಿಂದಲೇ ಫೋನ್ ಮಾಡು, ಸಂಕೋಚ ಬೇಡ.

ಇತಿ,
ನಿನ್ನ ದೊಡ್ಡಪ್ಪ